ಬೇಸಿಗೆಯಲ್ಲಿ ಮೈನಿಂಗ್ ರಿಗ್ ಬಿಸಿಯಾಗುತ್ತಿದೆಯೇ? ದೋಷ ಕಾರ್ಡಿನದೋ ಕೋಣೆಯದೋ ಮೊದಲು ನೋಡಿ

ಕಲಬುರಗಿ, ರಾಯಚೂರು, ಬಳ್ಳಾರಿ ಕಡೆ ಏಪ್ರಿಲ್ ಬಂತೆಂದರೆ ಮಧ್ಯಾಹ್ನದ ಬಿಸಿಲು 40 ಡಿಗ್ರಿ ದಾಟುತ್ತದೆ. ಕೆಲವು ದಿನ 43ಕ್ಕೂ ಏರುತ್ತದೆ. ಚಳಿಗಾಲವಿಡೀ ಸದ್ದಿಲ್ಲದೆ ಓಡಿದ ರಿಗ್ (ಕ್ರಿಪ್ಟೋ ಕಾಯಿನ್ ಗಳಿಸಲು ಹಲವು ಗ್ರಾಫಿಕ್ಸ್ ಕಾರ್ಡ್ ಜೋಡಿಸಿದ ಕಂಪ್ಯೂಟರ್) ಆಗ ತಕರಾರು ಶುರು ಮಾಡುತ್ತದೆ. ಹ್ಯಾಶ್‌ರೇಟ್, ಅಂದರೆ ಮೈನಿಂಗ್ ಲೆಕ್ಕ ಮಾಡುವ ವೇಗ, ಇಳಿಯುತ್ತದೆ, ಫ್ಯಾನ್‌ಗಳು ಕೂಗುತ್ತವೆ, ಬೆಳಿಗ್ಗೆ ಎದ್ದು ನೋಡಿದರೆ ರಿಗ್ ಆಫ್ ಆಗಿರುತ್ತದೆ. ಆಗ ಬಹಳ ಜನ ಸೀದಾ ಸ್ಕ್ರೂಡ್ರೈವರ್ ಹಿಡಿಯುತ್ತಾರೆ. ಕಾರ್ಡ್ ಬಿಚ್ಚಿ ಪೇಸ್ಟ್ (ಚಿಪ್‌ನ ಬಿಸಿಯನ್ನು ಅದರ ಮೇಲಿನ ಲೋಹದ ಹೀಟ್‌ಸಿಂಕ್‌ಗೆ ದಾಟಿಸುವ ಲೇಪ) ಬದಲಿಸಿಬಿಡೋಣ ಅಂತ. ದಯವಿಟ್ಟು ಅಷ್ಟು ಅವಸರ ಬೇಡ. ಬೇಸಿಗೆಯ ತೊಂದರೆ ಹೆಚ್ಚಾಗಿ ಕೋಣೆಯದು, ಕಾರ್ಡಿನದಲ್ಲ. ಸರಿಯಿದ್ದ ಕಾರ್ಡನ್ನು ಬಿಚ್ಚಿ ಕೆಡಿಸಿಕೊಂಡರೆ ನಷ್ಟ ಎರಡು ಪಟ್ಟು.

2022ರ ಸೆಪ್ಟೆಂಬರ್ 15ರಂದು ಎಥೀರಿಯಂ ಕಾಯಿನ್ ಪ್ರೂಫ್ ಆಫ್ ಸ್ಟೇಕ್‌ಗೆ (ಮೈನಿಂಗ್ ಬೇಡದ ಪದ್ಧತಿ) ಹೋದ ಮೇಲೆ ಗ್ರಾಫಿಕ್ಸ್ ಕಾರ್ಡ್ ಮೈನಿಂಗ್‌ನಲ್ಲಿ ಲಾಭ ಉಳಿಯುವುದು ತುಂಬಾ ಕಡಿಮೆ. ರೇವನ್‌ಕಾಯಿನ್, ಎಥೀರಿಯಂ ಕ್ಲಾಸಿಕ್, ಎರ್ಗೋ ಅಂತ ಬೇರೆ ಕಾಯಿನ್ ಇನ್ನೂ ಓಡಿಸುತ್ತಿರುವವರಿಗೆ ಇರುವ ಕಾರ್ಡೇ ಬಂಡವಾಳ. ಅದು ಉಳಿಯಬೇಕು, ಮನೆಯೂ ಸುರಕ್ಷಿತವಾಗಿರಬೇಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸುಟ್ಟ ವಾಸನೆ, ಕರಗಿದ ಪ್ಲಗ್, ಕಿಡಿ ಇವುಗಳಲ್ಲಿ ಯಾವುದು ಕಂಡರೂ ಈಗಲೇ ಮೇನ್ ಸ್ವಿಚ್ ಆಫ್ ಮಾಡಿ, ನೇರವಾಗಿ ಕೊನೆಯ ಭಾಗ ಓದಿ.

ಎಲ್ಲಕ್ಕಿಂತ ಮೊದಲು: ಒಂದು ಥರ್ಮಾಮೀಟರ್

ಕಾರ್ಡ್ 75 ಡಿಗ್ರಿ ತೋರಿಸುತ್ತಿದೆ ಅನ್ನುವುದರಿಂದ ಏನೂ ಗೊತ್ತಾಗುವುದಿಲ್ಲ. ಕಾರ್ಡಿಗೆ ಹೋಗುವ ಗಾಳಿ ಎಷ್ಟು ಬಿಸಿ ಇದೆ ಅನ್ನುವುದೂ ಗೊತ್ತಿರಬೇಕು. ಗೋಡೆಗೆ ನೇತುಹಾಕುವ ಸಾಮಾನ್ಯ ಡಿಜಿಟಲ್ ಥರ್ಮಾಮೀಟರ್ ಸಾಕು. ಅದನ್ನು ಕಾರ್ಡುಗಳು ಗಾಳಿ ಎಳೆದುಕೊಳ್ಳುವ ಬದಿಯಲ್ಲಿ, ಒಂದು ಗೇಣು ದೂರದಲ್ಲಿ ಇಡಿ. ಕೋಣೆಯ ಇನ್ನೊಂದು ಮೂಲೆಯಲ್ಲಿ ಇಟ್ಟರೆ ಉಪಯೋಗವಿಲ್ಲ. ಫ್ಯಾನ್ ವೇಗವನ್ನು ಆಟೋದಿಂದ ತೆಗೆದು ಶೇ. 70ಕ್ಕೆ ನಿಲ್ಲಿಸಿ. ಇಪ್ಪತ್ತು ನಿಮಿಷ ಬಿಟ್ಟು ಎರಡೂ ಅಂಕಿ ಬರೆದುಕೊಳ್ಳಿ. ಕಾರ್ಡಿನ ಬಿಸಿಯಲ್ಲಿ ಗಾಳಿಯ ಬಿಸಿ ಕಳೆಯಿರಿ.

ಈ ವ್ಯತ್ಯಾಸವೇ ಮುಖ್ಯ. ಲೋಡ್ ಅದೇ, ಫ್ಯಾನ್ ವೇಗ ಅದೇ ಇದ್ದರೆ ಇದು ಋತು ಬದಲಾದರೂ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಜನವರಿಯಲ್ಲಿ ಗಾಳಿ 28, ಕಾರ್ಡ್ 60 ಇತ್ತು ಅಂದುಕೊಳ್ಳಿ. ವ್ಯತ್ಯಾಸ 32. ಮೇ ತಿಂಗಳಲ್ಲಿ ಗಾಳಿ 43 ಆದರೆ ಅದೇ ಕಾರ್ಡ್ 75 ಆಸುಪಾಸಿಗೆ ಬರಲೇಬೇಕು. ಕಾರ್ಡಿಗೆ ಏನೂ ಆಗಿಲ್ಲ, ಅದನ್ನು ಬಿಚ್ಚಬೇಡಿ. ವ್ಯತ್ಯಾಸವೇ 32ರಿಂದ 42ಕ್ಕೆ ಏರಿದ್ದರೆ ಮಾತ್ರ ಕಾರ್ಡ್ ಮೇಲೆ ಅನುಮಾನ ಪಡಬೇಕು. ಹಳೆಯ ಅಂಕಿ ಬರೆದಿಟ್ಟಿಲ್ಲವೇ? ಪಕ್ಕದಲ್ಲಿರುವ ಅದೇ ಮಾದರಿಯ ಕಾರ್ಡಿನ ಜೊತೆ ಹೋಲಿಸಿ.

ಕಾರ್ಡಿನ ಬಿಸಿ ಅಂದರೆ ಒಂದೇ ಅಂಕಿಯಲ್ಲ. ಕೋರ್ (ಮುಖ್ಯ ಚಿಪ್), ಹಾಟ್‌ಸ್ಪಾಟ್ (ಆ ಚಿಪ್‌ನ ಅತಿ ಬಿಸಿ ಜಾಗ), ಮೆಮೊರಿ ಅಂತ ಮೂರಿವೆ. ಎನ್‌ವಿಡಿಯಾದ ಆರ್‌ಟಿಎಕ್ಸ್ 3080, 3090 ಕಾರ್ಡುಗಳ ಜಿಡಿಡಿಆರ್6ಎಕ್ಸ್ ಮೆಮೊರಿ 110 ಡಿಗ್ರಿ ಮುಟ್ಟಿದಾಗ ಕಾರ್ಡ್ ತಾನೇ ವೇಗ ತಗ್ಗಿಸುತ್ತದೆ. ಎಎಂಡಿಯ ಆರ್‌ಎಕ್ಸ್ 5000, 6000 ಸರಣಿಯಲ್ಲಿ ಹಾಟ್‌ಸ್ಪಾಟ್ ಮಿತಿಯೂ 110. ಇವು ದಾಟಬಾರದ ಗೆರೆಗಳು, ದಿನವಿಡೀ ಅಲ್ಲೇ ಓಡಿಸಬಹುದು ಅಂತಲ್ಲ. ನಾನಂತೂ ಮೆಮೊರಿ 95ರ ಒಳಗೆ, ಕೋರ್ 70ರ ಒಳಗೆ ಇರಲಿ ಅನ್ನುತ್ತೇನೆ. ವಿಂಡೋಸ್‌ನಲ್ಲಿ ಎಚ್‌ಡಬ್ಲ್ಯೂಇನ್ಫೋ ಅನ್ನುವ ಸಾಫ್ಟ್‌ವೇರ್ ಈ ಅಂಕಿಗಳನ್ನು ತೋರಿಸುತ್ತದೆ. 3060 ಟಿಐ, 3070ರಂಥ ಜಿಡಿಡಿಆರ್6 ಕಾರ್ಡುಗಳಲ್ಲಿ ಮೆಮೊರಿಯ ಬಿಸಿ ಕಾಣಿಸುವುದಿಲ್ಲ. ಅಲ್ಲಿ ಕೋರ್ ತಣ್ಣಗಿದೆ ಅಂತ ಸಮಾಧಾನ ಪಡುವ ಹಾಗಿಲ್ಲ.

ಎಲ್ಲ ಕಾರ್ಡುಗಳೂ ಒಟ್ಟಿಗೇ ಬಿಸಿಯಾಗಿವೆ

ಆರು ಕಾರ್ಡಿನ ಪೇಸ್ಟ್ ಒಂದೇ ವಾರದಲ್ಲಿ ಒಣಗುವುದಿಲ್ಲ. ಇದು ಕೋಣೆಯ ದೋಷ.

ಖರ್ಚಿಲ್ಲದ ಪರೀಕ್ಷೆ ಒಂದಿದೆ. ಕೋಣೆಯ ಬಾಗಿಲು, ಕಿಟಕಿ ಎಲ್ಲ ಪೂರ್ತಿ ತೆಗೆಯಿರಿ. ಅರ್ಧ ಗಂಟೆಯಲ್ಲಿ ರಿಗ್ ಹತ್ತಿರದ ಗಾಳಿ ನಾಲ್ಕೈದು ಡಿಗ್ರಿ ಇಳಿದರೆ ಬಿಸಿ ಗಾಳಿಗೆ ಹೊರಗೆ ಹೋಗಲು ದಾರಿ ಇರಲಿಲ್ಲ ಅಂತ ಅರ್ಥ. ರಿಗ್ ಎಳೆದುಕೊಳ್ಳುವ ಕರೆಂಟ್ ಹೆಚ್ಚುಕಡಿಮೆ ಪೂರ್ತಿ ಬಿಸಿಯಾಗಿಯೇ ಹೊರಬರುತ್ತದೆ. 1,200 ವಾಟ್‌ನ ರಿಗ್ ಅಂದರೆ 1,200 ವಾಟ್‌ನ ಹೀಟರ್ ಹಗಲೂ ರಾತ್ರಿ ಉರಿಯುತ್ತಿದೆ ಅಂತಲೇ ಲೆಕ್ಕ. ಮುಚ್ಚಿದ ಕೋಣೆಯಲ್ಲಿ ಟೇಬಲ್ ಫ್ಯಾನ್ ಇಟ್ಟರೆ ಅದೇ ಬಿಸಿ ಗಾಳಿ ಸುತ್ತುತ್ತದೆ, ಅಷ್ಟೇ.

ಬೇಕಾದದ್ದು ಎಕ್ಸಾಸ್ಟ್ ಫ್ಯಾನ್. ಗೋಡೆಯಲ್ಲಿ ಎತ್ತರದಲ್ಲಿ, ಕಾರ್ಡುಗಳ ಬಿಸಿ ಗಾಳಿ ಹೋಗುವ ಕಡೆಗೇ ಹಾಕಿಸಿ. ಒಳಗೆ ಗಾಳಿ ಬರುವ ದಾರಿ ಎದುರು ಗೋಡೆಯಲ್ಲಿ, ಕೆಳಗಡೆ, ನೆರಳಿರುವ ಬದಿಯಲ್ಲಿ ಇರಲಿ. ಆ ದಾರಿ ಎಕ್ಸಾಸ್ಟ್ ಫ್ಯಾನಿನ ಬಾಯಿಗಿಂತ ಚಿಕ್ಕದಿರಬಾರದು. ಇದನ್ನೇ ಬಹಳ ಜನ ಮರೆಯುತ್ತಾರೆ. ಒಂದು ಕಿಲೋವಾಟ್ ಬಿಸಿಯನ್ನು ಸಾಗಿಸಿ ಗಾಳಿಯನ್ನು 10 ಡಿಗ್ರಿಯಷ್ಟೇ ಏರಲು ಬಿಡಬೇಕೆಂದರೆ ಗಂಟೆಗೆ ಸುಮಾರು 300 ಘನ ಮೀಟರ್ ಗಾಳಿ ಬೇಕು. 5 ಡಿಗ್ರಿ ಸಾಕು ಅಂದರೆ 600. ಫ್ಯಾನ್ ಕೊಳ್ಳುವಾಗ ಡಬ್ಬಿಯ ಮೇಲಿನ ಈ ಅಂಕಿ ನೋಡಿ. ಜಾಲರಿ, ಧೂಳಿನ ಬಲೆ ಹಾಕಿದ ಮೇಲೆ ಅಷ್ಟು ಸಿಗುವುದಿಲ್ಲ, ಹಾಗಾಗಿ ಒಂದೂವರೆ ಪಟ್ಟು ದೊಡ್ಡದನ್ನೇ ತನ್ನಿ.

ಹೊರಗೇ 43 ಇದ್ದರೆ ಎಕ್ಸಾಸ್ಟ್ ಫ್ಯಾನ್ ಕೋಣೆಯನ್ನು 43ಕ್ಕಿಂತ ಕೆಳಗೆ ಇಳಿಸಲಾರದು. ಒಣ ಹವೆಯ ಊರುಗಳಲ್ಲಿ ನೀರಿನ ಏರ್ ಕೂಲರ್ ನಿಜಕ್ಕೂ ಕೆಲಸ ಮಾಡುತ್ತದೆ. ಕಲಬುರಗಿಯ ಏಪ್ರಿಲ್ ಮಧ್ಯಾಹ್ನದ ಗಾಳಿಯನ್ನು ಒಳ್ಳೆಯ ಕೂಲರ್ 10 ಡಿಗ್ರಿಗಿಂತ ಜಾಸ್ತಿ ತಣ್ಣಗೆ ಮಾಡಬಲ್ಲದು. ಆದರೆ ಕೂಲರ್ ಕಿಟಕಿಯ ಹೊರಗಿನಿಂದ ಗಾಳಿ ಎಳೆಯಬೇಕು, ಎಕ್ಸಾಸ್ಟ್ ಓಡುತ್ತಲೇ ಇರಬೇಕು. ಕೋಣೆಯೊಳಗೇ ಇಟ್ಟರೆ ಸ್ವಲ್ಪ ಹೊತ್ತಿನಲ್ಲೇ ಗಾಳಿಯೆಲ್ಲ ಹಸಿಯಾಗಿ ಕೂಲರ್‌ನ ತಂಪು ನಿಂತುಹೋಗುತ್ತದೆ. ಅದರ ಮುಖ ರಿಗ್ ಮೇಲೆ ನೇರವಾಗಿ ಬೇಡ, ಐದಾರು ಅಡಿ ದೂರವಿರಲಿ. ಬೋರ್‌ವೆಲ್ ನೀರಿನ ಹನಿ ಹಾರಿ ಬೋರ್ಡ್ ಮೇಲೆ ಒಣಗಿದರೆ ಉಪ್ಪಿನ ಬಿಳಿ ಕಲೆ ಕೂರುತ್ತದೆ, ಕ್ರಮೇಣ ಚಿಪ್‌ಗಳ ಕಾಲುಗಳು ತುಕ್ಕು ಹಿಡಿಯುತ್ತವೆ. ಮಂಗಳೂರು, ಉಡುಪಿ, ಕಾರವಾರದವರು ಕೂಲರ್‌ಗೆ ದುಡ್ಡು ಹಾಕಬೇಡಿ. ಆ ಸೆಕೆಯಲ್ಲಿ ಅದು ಹೆಚ್ಚೇನೂ ಇಳಿಸುವುದಿಲ್ಲ, ತೇವ ಮಾತ್ರ ಏರಿಸುತ್ತದೆ.

ಎಸಿ ಹಾಕಬಹುದಾ ಅಂತ ಕೇಳುವವರಿದ್ದಾರೆ. ಹಾಕಬಹುದು. ಒಂದೂವರೆ ಟನ್ ಎಸಿ ಕಾಗದದ ಮೇಲೆ ಸುಮಾರು 5.2 ಕಿಲೋವಾಟ್ ಬಿಸಿ ಹೊರಹಾಕುತ್ತದೆ, ಉರಿಬಿಸಿಲಲ್ಲಿ ಅದಕ್ಕಿಂತ ಕಡಿಮೆ. ಆದರೆ ರಿಗ್‌ನ ಬಿಸಿ ಎಳೆಯಲೇ ಅದು ರಿಗ್ ತಿನ್ನುವ ಕರೆಂಟಿನ ಸುಮಾರು ಮೂರನೇ ಒಂದು ಭಾಗದಷ್ಟು ಮತ್ತೆ ತಿನ್ನುತ್ತದೆ. ಗೋಡೆ, ತಾರಸಿಯ ಬಿಸಿಯ ಲೆಕ್ಕ ಬೇರೆ. ಈಗಿನ ಗಳಿಕೆಗೆ ಅದು ಹೊಂದುವುದಿಲ್ಲ.

ಸಂಜೆ ಏಳರ ಮೇಲೆ ಹೊರಗೆ ತಂಪಾದರೂ ಕೋಣೆ ಇಳಿಯುತ್ತಿಲ್ಲವೇ? ಅದು ತಾರಸಿಯ ಕೆಲಸ. ಹಗಲೆಲ್ಲ ಬಿಸಿಲು ಕುಡಿದ ಆರ್‌ಸಿಸಿ ಸ್ಲ್ಯಾಬ್ ರಾತ್ರಿ ಹತ್ತರವರೆಗೂ ಬಿಸಿ ಬಿಡುತ್ತಲೇ ಇರುತ್ತದೆ. ತಾರಸಿಗೆ ಸುಣ್ಣ ಅಥವಾ ಬಿಸಿಲು ತಡೆಯುವ ಬಿಳಿ ಪೇಂಟ್ ಬಳಿದರೆ ನಿಜವಾದ ವ್ಯತ್ಯಾಸ ಕಾಣುತ್ತದೆ. ತಗಡಿನ ಶೀಟಿನ ಕೋಣೆಯಾದರೆ ರಿಗ್ ಅಲ್ಲಿಂದ ತೆಗೆಯಿರಿ. ನೆಲಮಹಡಿಯಲ್ಲಿ, ಪರಸಿ ಕಲ್ಲು ಹಾಸಿದ ಬಡಗಣ ಕೋಣೆ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಮಧ್ಯಾಹ್ನ ಹ್ಯಾಶ್‌ರೇಟ್ ಇಳಿಯುತ್ತದೆ, ರಾತ್ರಿ ತಾನೇ ಸರಿಯಾಗುತ್ತದೆ

ಕಾರ್ಡ್ ತನ್ನನ್ನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತಿದೆ. ಇದು ಎಚ್ಚರಿಕೆ, ಇನ್ನೂ ಹಾನಿಯಲ್ಲ. ಯಾವ ಅಂಕಿ ಮಿತಿ ಮುಟ್ಟುತ್ತಿದೆ ನೋಡಿ. ಕೋರ್ 65ರಲ್ಲಿ ಆರಾಮಾಗಿದ್ದು ಮೆಮೊರಿ 110 ಮುಟ್ಟಿರುವುದು 3080, 3090ಗಳಲ್ಲಿ ಬಹಳ ಸಾಮಾನ್ಯ. 3090ರಲ್ಲಂತೂ 24 ಮೆಮೊರಿ ಚಿಪ್‌ಗಳಲ್ಲಿ 12 ಬೋರ್ಡಿನ ಹಿಂಬದಿಯಲ್ಲಿವೆ. ಅಲ್ಲಿ ಫ್ಯಾನೇ ಇಲ್ಲ. ಬ್ಯಾಕ್‌ಪ್ಲೇಟ್ (ಕಾರ್ಡಿನ ಹಿಂಬದಿಯ ಹೊದಿಕೆ) ಮೇಲೆ ಅಲ್ಯೂಮಿನಿಯಂ ಹೀಟ್‌ಸಿಂಕ್ ಇಟ್ಟು ಒಂದು 120 ಮಿಲಿಮೀಟರ್ ಫ್ಯಾನ್ ಊದಿಸಿದರೆ ಕಾರ್ಡ್ ಬಿಚ್ಚದೆಯೇ ಒಳ್ಳೆಯ ಫಲ ಸಿಗುತ್ತದೆ.

ಆದರೆ ಮೊದಲ ಮದ್ದು ಪವರ್ ಲಿಮಿಟ್, ಅಂದರೆ ಕಾರ್ಡ್ ಎಳೆಯಬಹುದಾದ ವಾಟ್‌ನ ಮಿತಿ, ಇಳಿಸುವುದು. ಖರ್ಚು ಸೊನ್ನೆ, ಕರೆಂಟ್ ಬಿಲ್ಲೂ ಇಳಿಯುತ್ತದೆ. ಶೇ. 10ರಷ್ಟು ಪವರ್ ತಗ್ಗಿಸಿದರೆ ಹ್ಯಾಶ್‌ರೇಟ್ ಸಾಮಾನ್ಯವಾಗಿ ಅಷ್ಟು ಬೀಳುವುದಿಲ್ಲ. ಕಾರ್ಖಾನೆ ಲೆಕ್ಕದಲ್ಲಿ 220 ವಾಟ್‌ನ 3070 ಕಾರ್ಡನ್ನು ಎಥೀರಿಯಂ ಕಾಲದಲ್ಲಿ 120–130 ವಾಟ್‌ನಲ್ಲಿ ಓಡಿಸುತ್ತಿದ್ದರು, ಏಕೆಂದರೆ ಆ ಕೆಲಸಕ್ಕೆ ಮೆಮೊರಿ ಮುಖ್ಯ, ಕೋರ್ ಅಲ್ಲ. ಎಥೀರಿಯಂ ಕ್ಲಾಸಿಕ್‌ಗೆ ಈಗಲೂ ಅದೇ ದಾರಿ. ರೇವನ್‌ಕಾಯಿನ್‌ನ ಕಾಪಾವ್ ಅನ್ನುವ ಲೆಕ್ಕದ ವಿಧಾನ ಹಾಗಲ್ಲ. ಅದು ಕೋರ್ ಅನ್ನು ಚೆನ್ನಾಗಿ ದುಡಿಸುತ್ತದೆ, ಬಿಸಿಯೂ ಜಾಸ್ತಿ. 2021ರ ಸೆಟ್ಟಿಂಗ್ ಹಾಗೇ ಇಟ್ಟುಕೊಂಡು ಕಾಯಿನ್ ಬದಲಿಸಿ, "ಕಾರ್ಡ್ ಹಾಳಾಯಿತು" ಅನ್ನುವವರು ಇದನ್ನು ಗಮನಿಸಬೇಕು. ಬೇಸಿಗೆ ಎರಡು ತಿಂಗಳು ಎರ್ಗೋದಂಥ ಕಡಿಮೆ ಪವರ್ ಎಳೆಯುವ ಕಾಯಿನ್‌ಗೆ ಹೋಗುವುದೂ ಒಂದು ಉಪಾಯ.

ಎನ್‌ವಿಡಿಯಾ ಕಾರ್ಡುಗಳಲ್ಲಿ ಆಫ್ಟರ್‌ಬರ್ನರ್‌ನಲ್ಲೋ ಹೈವ್‌ಓಎಸ್‌ನಲ್ಲೋ (ಕಾರ್ಡ್ ಹೊಂದಿಸುವ ಸಾಫ್ಟ್‌ವೇರ್‌ಗಳು) ಪವರ್ ಲಿಮಿಟ್ ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಹೋಗಿ, ಪ್ರತಿ ಸಲ ಅರ್ಧ ಗಂಟೆ ನೋಡಿ. ಮೆಮೊರಿ ಓವರ್‌ಕ್ಲಾಕ್ (ಕಾರ್ಖಾನೆಯ ವೇಗಕ್ಕಿಂತ ಏರಿಸಿದ ವೇಗ) ಕೂಡ ಸ್ವಲ್ಪ ಹಿಂದಕ್ಕೆ ತನ್ನಿ. ಜಿಡಿಡಿಆರ್6ಎಕ್ಸ್ ಮೆಮೊರಿ ತಪ್ಪಾದ ಡೇಟಾವನ್ನು ಪತ್ತೆ ಹಚ್ಚಿ ಮತ್ತೆ ಕಳಿಸುತ್ತದೆ. ಹಾಗಾಗಿ ಅತಿ ಓವರ್‌ಕ್ಲಾಕ್ ಮಾಡಿದರೆ ರಿಗ್ ಕ್ರ್ಯಾಶ್ ಆಗದೆ, ಸುಮ್ನೆ ಹ್ಯಾಶ್‌ರೇಟ್ ಕರಗುತ್ತದೆ. ಕ್ಲಾಕ್ ಇಳಿಸಿದಾಗ ಹ್ಯಾಶ್‌ರೇಟ್ ಏರಿದರೆ ಇದೇ ಕಾರಣ.

ಇಷ್ಟಾದರೂ ಮಧ್ಯಾಹ್ನ ಮಿತಿ ಮುಟ್ಟಿದರೆ 12ರಿಂದ 5ರವರೆಗೆ ರಿಗ್ ನಿಲ್ಲಿಸಿ. ಗಳಿಕೆ ಹೋಗುತ್ತದೆ ಅಂತ ನೋವಾಗುವುದು ಸಹಜ. ಆದರೆ 105 ಡಿಗ್ರಿಯಲ್ಲಿ ದಿನವೂ ಬೇಯುವ ಮೆಮೊರಿ ಸತ್ತರೆ ಆ ಐದು ಗಂಟೆಗಳ ದುಡ್ಡು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಒಂದೇ ಕಾರ್ಡ್ ಬಿಸಿ, ಉಳಿದವು ಸರಿಯಾಗಿವೆ

ರಿಗ್ ಆಫ್ ಮಾಡಿ, ಪ್ಲಗ್ ಕಿತ್ತು, ಆ ಕಾರ್ಡನ್ನು ಪಕ್ಕದ ಕಾರ್ಡಿನ ಜಾಗಕ್ಕೆ ಬದಲಿಸಿ. ಮತ್ತೆ ಓಡಿಸಿ. ಬಿಸಿ ಅದೇ ಜಾಗದಲ್ಲಿ ಉಳಿದು ಹೊಸದಾಗಿ ಬಂದ ಕಾರ್ಡ್ ಬಿಸಿಯಾದರೆ ತಪ್ಪು ಜಾಗದ್ದು: ಪಕ್ಕದ ಕಾರ್ಡಿನ ಬಿಸಿಯುಸಿರು ಇದಕ್ಕೆ ಬಡಿಯುತ್ತಿದೆ, ಅಥವಾ ಅಂತರ ಸಾಲದು. ಬಿಸಿ ಕಾರ್ಡಿನ ಜೊತೆಗೇ ಹೋದರೆ ಮಾತ್ರ ಕಾರ್ಡಿನ ದೋಷ.

ಆಗ ಟಾರ್ಚ್ ತನ್ನಿ. ರಾಯಚೂರಿನ ಜಿನ್ನಿಂಗ್ ಮಿಲ್‌ಗಳ ಹತ್ತಿರ ಹತ್ತಿಯ ಎಳೆ, ಬಳ್ಳಾರಿಯ ಜೀನ್ಸ್ ಹೊಲಿಯುವ ಓಣಿಗಳಲ್ಲಿ ಬಟ್ಟೆಯ ನಾರು, ಕಲಬುರಗಿಯ ದಾಲ್ ಮಿಲ್ ಸುತ್ತ ತೊಗರಿಯ ಹೊಟ್ಟು ಎಲ್ಲ ಗಾಳಿಯಲ್ಲೇ ಇರುತ್ತವೆ. ಹೊರಗಿನಿಂದ ಕಾರ್ಡ್ ಸ್ವಚ್ಛವಾಗಿಯೇ ಕಾಣುತ್ತದೆ. ಫ್ಯಾನ್ ರೆಕ್ಕೆಗಳ ಸಂದಿಯಿಂದ ಬೆಳಕು ಬಿಟ್ಟು ನೋಡಿದರೆ ಹೀಟ್‌ಸಿಂಕ್ ಮೇಲೆ ಕಂಬಳಿ ಹೊದಿಸಿದ ಹಾಗೆ ಬೂದು ಪದರ ಕೂತಿರುತ್ತದೆ. ಕಾರ್ಡನ್ನು ಅಂಗಳಕ್ಕೆ ಒಯ್ದು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಬ್ಲೋವರ್‌ನಿಂದ ಊದಿ. ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಲೇಬೇಕು. ಗಾಳಿಯ ರಭಸಕ್ಕೆ ಅತಿ ವೇಗವಾಗಿ ತಿರುಗಿದರೆ ಬೇರಿಂಗ್ ಹೋಗುತ್ತದೆ. ಒದ್ದೆ ಬಟ್ಟೆ, ಪೆಟ್ರೋಲ್, ಥಿನ್ನರ್ ಬೇಡವೇ ಬೇಡ.

ಧೂಳು ತೆಗೆದರೂ ಇಳಿಯಲಿಲ್ಲವೇ? ಹಾಟ್‌ಸ್ಪಾಟ್ ಮತ್ತು ಕೋರ್ ನಡುವಿನ ಅಂತರ ನೋಡಿ. 10–15 ಡಿಗ್ರಿ ಸಹಜ. 25–30 ದಾಟಿದ್ದರೆ ಪೇಸ್ಟ್ ಒಣಗಿದೆ ಅಥವಾ ಚಿಪ್‌ನ ಅಂಚಿಗೆ ಸರಿದುಹೋಗಿದೆ. ಅಂತರ ಸರಿಯಿದ್ದು ಮೆಮೊರಿ ಮಾತ್ರ ಬಿಸಿಯಾದರೆ ಥರ್ಮಲ್ ಪ್ಯಾಡ್ (ಮೆಮೊರಿ ಚಿಪ್ ಮತ್ತು ಹೀಟ್‌ಸಿಂಕ್ ನಡುವಿನ ಮೆತ್ತನೆಯ ಹಾಳೆ) ಸೋತಿದೆ.

ಬಿಚ್ಚುವ ಮುಂಚೆ ವಾರಂಟಿ ಇದೆಯಾ ನೋಡಿ. ಇದ್ದರೆ ಇಲ್ಲಿಗೇ ನಿಲ್ಲಿಸಿ, ಸರ್ವಿಸ್ ಸೆಂಟರ್‌ಗೆ ಕೊಡಿ. ಇಲ್ಲದಿದ್ದರೆ, ಮತ್ತು ಇಂಥ ಕೆಲಸದಲ್ಲಿ ಕೈ ಪಳಗಿದ್ದರೆ, ಮುಂದುವರಿಯಿರಿ. ಐದು ನಿಮಿಷ ಓಡಿಸಿ ಕಾರ್ಡ್ ಬೆಚ್ಚಗೆ ಮಾಡಿ, ಆಫ್ ಮಾಡಿ, ಪ್ಲಗ್ ಕಿತ್ತು, ಆಮೇಲೆ ಬಿಚ್ಚಿದರೆ ಹೀಟ್‌ಸಿಂಕ್ ಸುಲಭವಾಗಿ ಬಿಡುತ್ತದೆ. ಅಂಟಿಕೊಂಡಿದ್ದರೆ ನಿಧಾನವಾಗಿ ಎಡಬಲಕ್ಕೆ ತಿರುಚಿ. ಮೀಟಿ ಎತ್ತಬೇಡಿ, ಫ್ಯಾನಿನ ಗಿಡ್ಡ ವೈರ್ ಸಾಕೆಟ್ ಸಮೇತ ಕಿತ್ತು ಬರುತ್ತದೆ. ಹಳೆಯ ಪೇಸ್ಟನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಅದು ಬೇಗ ಹೊತ್ತಿಕೊಳ್ಳುತ್ತದೆ, ಒಲೆ, ಬೀಡಿ ಸಿಗರೇಟು ಹತ್ತಿರ ಇರಬಾರದು.

ಪ್ಯಾಡ್ ವಿಷಯದಲ್ಲಿ ದಪ್ಪವೇ ಎಲ್ಲ. 1, 1.5, 2 ಮಿಲಿಮೀಟರ್ ಅಂತ ಮಾದರಿಯಿಂದ ಮಾದರಿಗೆ, ಒಂದೇ ಕಾರ್ಡಿನಲ್ಲಿ ಜಾಗದಿಂದ ಜಾಗಕ್ಕೂ ಬೇರೆಯಾಗಿರುತ್ತದೆ. ಅರ್ಧ ಮಿಲಿಮೀಟರ್ ಹೆಚ್ಚಾದರೂ ಹೀಟ್‌ಸಿಂಕ್ ಮೇಲೆ ಎದ್ದು ಕೋರ್ ಚಿಪ್‌ಗೆ ತಾಗದೆ ಹೋಗಬಹುದು. ಪ್ಯಾಡ್ ಬದಲಿಸಿದ ಮೇಲೆ ಕೋರ್ ಬಿಸಿ ಏರಿದರೆ ತಕ್ಷಣ ನಿಲ್ಲಿಸಿ. ದಪ್ಪ ಗೊತ್ತಿಲ್ಲ, ಅಳೆಯಲು ಕ್ಯಾಲಿಪರ್ ಇಲ್ಲ ಅಂದರೆ ಚಿಪ್ ಮಟ್ಟದ ರಿಪೇರಿ ಮಾಡುವವರ ಹತ್ತಿರ ಒಯ್ಯುವುದೇ ಜಾಣತನ.

ಕಾರ್ಡಿನ ಅಂಚಿನಲ್ಲಿ ಎಣ್ಣೆಯಂಥ ಜಿಡ್ಡು ಕಂಡು ಗಾಬರಿಯಾಗುವವರಿದ್ದಾರೆ. ಅದು ಪ್ಯಾಡಿನಿಂದ ಒಸರಿದ ಸಿಲಿಕಾನ್ ಎಣ್ಣೆ. ಶಾರ್ಟ್ ಆಗುವುದಿಲ್ಲ. ಪ್ಯಾಡ್ ಹಳತಾಗುತ್ತಿದೆ ಅಂತ ತಿಳಿದರೆ ಸಾಕು.

ಫ್ಯಾನ್ ಕರಕರ ಅನ್ನುತ್ತದೆ, ಅಥವಾ ತಿರುಗುತ್ತಿಲ್ಲ

ಆಫ್ ಮಾಡಿ ರೆಕ್ಕೆಯನ್ನು ಬೆರಳಿಂದ ತಿರುಗಿಸಿ. ಅಲ್ಲಾಡಿದರೆ, ತಡೆದು ತಡೆದು ನಿಂತರೆ ಬೇರಿಂಗ್ ಮುಗಿದಿದೆ. ಎಣ್ಣೆ ಬಿಟ್ಟರೆ ಕೆಲವು ವಾರ ಸುಮ್ಮನಾಗಬಹುದು, ಆದರೆ ಬೇಸಿಗೆಯ ನಡುವೆ ಕೈಕೊಡುತ್ತದೆ. ಅದೇ ಅಳತೆಯ, ಅದೇ ಕನೆಕ್ಟರ್‌ನ ಫ್ಯಾನ್ ತಂದು ಬದಲಿಸಿ. ಮೂರು ಫ್ಯಾನ್‌ಗಳಲ್ಲಿ ಒಂದು ನಿಂತರೂ ಸಾಫ್ಟ್‌ವೇರ್ ಕೆಲವೊಮ್ಮೆ ಸರಿಯಿದೆ ಅಂತಲೇ ತೋರಿಸುತ್ತದೆ. ಕಣ್ಣಿಂದ ನೋಡಬೇಕು.

ಇನ್‌ವ್ಯಾಲಿಡ್ ಶೇರ್ ಹೆಚ್ಚಾಗಿವೆ

ಹ್ಯಾಶ್‌ರೇಟ್ ಚೆನ್ನಾಗಿಯೇ ಇದ್ದು ಪೂಲ್‌ನಲ್ಲಿ (ಹಲವರು ಸೇರಿ ಮೈನಿಂಗ್ ಮಾಡುವ ಜಾಲ) ತಿರಸ್ಕೃತ ಶೇರ್ (ರಿಗ್ ಲೆಕ್ಕ ಮಾಡಿ ಕಳಿಸುವ ಉತ್ತರ) ಏರುತ್ತಿದ್ದರೆ ಬಿಸಿಗೆ ಮೆಮೊರಿ ತಪ್ಪು ಮಾಡುತ್ತಿದೆ. ಮೆಮೊರಿ ಕ್ಲಾಕ್ ಇಳಿಸಿ. ಸ್ಟೇಲ್ (ತಡವಾಗಿ ತಲುಪಿದ) ಶೇರ್ ಮಾತ್ರ ಏರಿದ್ದರೆ ಅದು ಇಂಟರ್‌ನೆಟ್ ವಿಳಂಬ, ಬಿಸಿಗೂ ಅದಕ್ಕೂ ಸಂಬಂಧವಿಲ್ಲ.

ರಿಗ್ ತಾನೇ ಆಫ್ ಆಗುತ್ತದೆ, ಎಂಸಿಬಿ ಬೀಳುತ್ತದೆ

ಇಲ್ಲಿಂದ ಮುಂದೆ ಮಾತು ವೈರಿಂಗ್‌ದು, ಜೀವದ ವಿಷಯ.

ಮಧ್ಯಾಹ್ನ ಆಫ್ ಆಗಿ, ಅರ್ಧ ಗಂಟೆ ಬಿಟ್ಟರೆ ಮಾತ್ರ ಆನ್ ಆಗುತ್ತದೆ ಅಂದರೆ ಪವರ್ ಸಪ್ಲೈ ಬಿಸಿಯಾಗಿದೆ. ಅದನ್ನು ಕಾರ್ಡುಗಳ ಬಿಸಿ ಗಾಳಿಯ ದಾರಿಯಿಂದ ಸರಿಸಿ. ಕೆಲವು ಪವರ್ ಸಪ್ಲೈಗಳ ಪೂರ್ತಿ ವಾಟ್ 40 ಡಿಗ್ರಿಗೆ, ಕೆಲವದು 50ಕ್ಕೆ ಲೆಕ್ಕ ಹಾಕಿದ್ದು. ಬೇಸಿಗೆಯಲ್ಲಿ 1,000 ವಾಟ್‌ನದಕ್ಕೆ 700ಕ್ಕಿಂತ ಜಾಸ್ತಿ ಹೊರಿಸಬೇಡಿ. ಅದನ್ನು ಎಂದೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್ ಶಾಕ್ ಹೊಡೆಯುತ್ತದೆ.

ಎಂಸಿಬಿ ಬಿಸಿಲಿಗೆ ಬೇಗ ಬೀಳುತ್ತದೆ. ಮನೆಗಳ ಎಂಸಿಬಿಯನ್ನು 30 ಡಿಗ್ರಿಗೆ ಹೊಂದಿಸಿರುತ್ತಾರೆ. ಬಿಸಿಲು ಬೀಳುವ ಗೋಡೆಯ ಡಬ್ಬಿಯಲ್ಲಿ 50 ಆದರೆ ಅದು ಕಡಿಮೆ ಕರೆಂಟಿಗೇ ಬೀಳುತ್ತದೆ. ಜೊತೆಗೆ ಬೇಸಿಗೆಯ ಲೋ ವೋಲ್ಟೇಜ್ ಇದೆ. 1,200 ವಾಟ್ ರಿಗ್ 230 ವೋಲ್ಟ್‌ನಲ್ಲಿ 5.2 ಆಂಪಿಯರ್ ಎಳೆದರೆ 180 ವೋಲ್ಟ್‌ನಲ್ಲಿ 6.7 ಎಳೆಯುತ್ತದೆ. ದೊಡ್ಡ ಎಂಸಿಬಿ ಹಾಕಿಸಿದರಾಯಿತು ಅಂದುಕೊಳ್ಳಬೇಡಿ. ವೈರ್ ಹಳೆಯದೇ ಇದ್ದರೆ ಎಂಸಿಬಿ ಬೀಳುವ ಬದಲು ಗೋಡೆಯೊಳಗೆ ವೈರ್ ಸುಡುತ್ತದೆ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ, ರಿಗ್‌ಗೆ ಪ್ರತ್ಯೇಕ ಲೈನ್, 16 ಆಂಪಿಯರ್ ಪವರ್ ಪಾಯಿಂಟ್, ಸರಿಯಾದ ಅರ್ಥಿಂಗ್, 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಹಾಕಿಸಿ. ಕರೆಂಟ್ ಬಿಲ್ಲಿನಲ್ಲಿರುವ ಮಂಜೂರಾದ ಲೋಡ್ ಎಷ್ಟು ಅಂತಲೂ ಅವರಿಗೆ ತೋರಿಸಿ.

ರೈಸರ್‌ಗಳಿಗೆ (ಕಾರ್ಡನ್ನು ಮದರ್‌ಬೋರ್ಡ್‌ನ ಸ್ಲಾಟ್‌ಗೆ ದೂರದಿಂದ ಜೋಡಿಸುವ ಚಿಕ್ಕ ಬೋರ್ಡ್) ಹಾರ್ಡ್ ಡಿಸ್ಕ್‌ಗೆ ಬಳಸುವ ಸಾಟಾ ಕನೆಕ್ಟರ್‌ನಿಂದ ಪವರ್ ಕೊಟ್ಟಿದ್ದರೆ ಇಂದೇ ತೆಗೆಯಿರಿ. ಸಾಟಾ ಕನೆಕ್ಟರ್‌ನ 12 ವೋಲ್ಟ್ ಸಾಲಿನ ಮಿತಿ 54 ವಾಟ್. ಕಾರ್ಡ್ ಸ್ಲಾಟ್‌ನಿಂದ 75 ವಾಟ್‌ವರೆಗೆ ಎಳೆಯಬಹುದು. ಪ್ಲಾಸ್ಟಿಕ್ ಕರಗಿ ಬೆಂಕಿ ಹತ್ತುವುದು ಇಲ್ಲಿಂದಲೇ. 6 ಪಿನ್ ಪಿಸಿಐಇ ಕೇಬಲ್ ನೇರವಾಗಿ ಬಳಸಿ.

ಸುಟ್ಟ ವಾಸನೆ, ಹೊಗೆ, ಕರಗಿದ ಪ್ಲಗ್

ಪ್ಲಗ್ ಮುಟ್ಟಬೇಡಿ. ಮೇನ್‌ನಿಂದ ಆಫ್ ಮಾಡಿ. ನೀರು ಹಾಕಬೇಡಿ. ಹೊಗೆ ಅಥವಾ ಬೆಂಕಿ ಚಿಕ್ಕದಾಗಿದ್ದು, ಬೆನ್ನ ಹಿಂದೆ ಬಾಗಿಲು ತೆರೆದಿದ್ದರೆ ಮಾತ್ರ ಡ್ರೈ ಪೌಡರ್ ಅಥವಾ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಬಳಸಿ. ಇಲ್ಲವಾದರೆ ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ 101 ಅಥವಾ 112ಕ್ಕೆ ಕರೆ ಮಾಡಿ. ರಿಗ್ ಇರುವ ಕೋಣೆಯಲ್ಲಿ ಯಾರೂ ಮಲಗಬಾರದು. ರಟ್ಟಿನ ಡಬ್ಬಿ, ಪರದೆ, ಬಟ್ಟೆ ಅಲ್ಲಿ ಇರಬಾರದು. ಒಂದು ಹೊಗೆ ಅಲಾರಂ ಇರಲೇಬೇಕು.

ವಾಸನೆ ಎಲ್ಲಿಂದ ಬಂತು ಅಂತ ಖಚಿತವಾಗುವವರೆಗೆ ರಿಗ್ ಮತ್ತೆ ಆನ್ ಮಾಡಬೇಡಿ, ಒಂದು ನಿಮಿಷಕ್ಕೂ ಬೇಡ. ಗೋಡೆಯ ಕಡೆಯಾದರೆ ಎಲೆಕ್ಟ್ರಿಷಿಯನ್ ನೋಡಬೇಕು. ಕಾರ್ಡ್ ಅಥವಾ ರೈಸರ್ ಆದರೆ ಸುಟ್ಟ ಕೇಬಲ್ ಸಮೇತ ರಿಪೇರಿಯವರಿಗೆ ಒಯ್ಯಿರಿ. ಜೊತೆಗೆ ಒಂದು ಚೀಟಿಯಲ್ಲಿ ಬರೆದು ಕೊಡಿ: ಯಾವ ಹೊತ್ತಿಗೆ ಆಯಿತು, ಆಗ ಕೋಣೆಯ ಗಾಳಿ ಎಷ್ಟಿತ್ತು, ಕೋರ್, ಹಾಟ್‌ಸ್ಪಾಟ್, ಮೆಮೊರಿ ಎಷ್ಟಿತ್ತು, ಪವರ್ ಲಿಮಿಟ್ ಎಷ್ಟಿಟ್ಟಿದ್ದಿರಿ, ಯಾವ ಕಾಯಿನ್ ಓಡುತ್ತಿತ್ತು.